ಬೆಣ್ಣೆಯ ಚೈನು

ಆಗಿನ್ನೂ ನಮ್ಮ ಬಡಾವಣೆಗೆ ಕಾವೇರಿ ನೀರು ಬಂದಿರಲಿಲ್ಲ, ಟಾರೂ ಬಂದಿರಲಿಲ್ಲ. ಹೇರೋಹಳ್ಳಿಯ ಆಚೆ ರಾಗಿ ಹೊಲಗಳನ್ನು ಸೈಟು ಮಾಡಿ ಮಾರಿದ್ದರು. ಅಲ್ಲಿ ಮನೆ ಕಟ್ಟಿಕೊಂಡ ನಮ್ಮಂಥವರ ಮಕ್ಕಳಿಗೆ ಬೇಸಿಗೆ ರಜೆ ಅಂದರೆ ಕೆಂಪು ಧೂಳು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಅರ್ಧ ಕಟ್ಟಿ ಬಿಟ್ಟ ಮನೆಗಳ ಇಟ್ಟಿಗೆ ಚೂರಿನಲ್ಲಿ ಲಗೋರಿ. ಬೆಳಗಿನ ಹೊತ್ತು ಮಾತ್ರ ಆಟವಿಲ್ಲ. ಅಮ್ಮ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದಳು. ಕಾಗೆ ಕಾಯುವ ಕೆಲಸ ನನಗೂ ಬೆಣ್ಣೆಗೂ ಸೇರಿದ್ದು. ಬಿಸಿ ಹಿಟ್ಟಿನ ಇಂಗು, ಜೀರಿಗೆ, ಹಸಿಮೆಣಸಿನ ವಾಸನೆಗೆ ನಮ್ಮಿಬ್ಬರ ಬಾಯಲ್ಲೂ ನೀರೂರುತ್ತಿತ್ತು.

ಬೆಣ್ಣೆ ನಮ್ಮ ನಾಯಿ. ಆ ಕಾಲಕ್ಕೆ ರಾಜಾಜಿನಗರದ ಮನೆಮನೆಯಲ್ಲೂ ಒಂದೊಂದು ಬಿಳೀ ಪಾಮೇರಿಯನ್ ಇರುತ್ತಿತ್ತಲ್ಲ, ಅಂಥದ್ದೇ ಒಂದರ ಮರಿ. ಆದರೆ ಅಪ್ಪನ ಕಡೆಯಿಂದ ಪಕ್ಕಾ ಬೀದಿ ಪೈಕಿ, ಹಾಗಾಗಿ ಸುಮ್ಮನೆ ಕೊಟ್ಟಿದ್ದರು. ಕೂದಲು ಬಿಳಿ, ಕಿವಿ ಕಂದು, ಬಾಲ ಯಾವ ಜಾತಿಗೂ ಸೇರದ್ದು. ಕಾಗೆ ಕಂಡರೆ ಪಂಚೆಯ ಸುತ್ತ ಓಡುತ್ತಿದ್ದಳೇ ಹೊರತು ಒಂದು ಸಂಡಿಗೆಯನ್ನೂ ತುಳಿಯುತ್ತಿರಲಿಲ್ಲ. ಬೀದಿಗೆ ಹೋಗುವಾಗ ತೆಳ್ಳನೆಯ ಸ್ಟೀಲಿನ ಚೈನು ಹಾಕುತ್ತಿದ್ದೆವು. ಅದನ್ನು ಮೊಳೆಯಿಂದ ತೆಗೆದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಬಾಗಿಲ ಹತ್ತಿರ ಕೂರುತ್ತಿದ್ದಳು.

ನಮ್ಮ ಎದುರು ಮನೆ ಕೆಂಪರಾಜುವಿನದು. ಕೆಂಪರಾಜು ಅವರು ಅಂತ ಬರೆಯಬೇಕು, ಕೈ ಬರುತ್ತಿಲ್ಲ. ಇಡೀ ಬಡಾವಣೆ ಒಂದು ಕಾಲಕ್ಕೆ ಅವನ ಅಪ್ಪನ ಹೊಲ. ಆ ಹೊಲದಲ್ಲಿ ದುಡಿದದ್ದು ಅಪ್ಪ, ಮಾರಿದ್ದು ಮಗ. ಮಾರಿದ ಮೇಲೆ ಬಿಳೀ ಷರ್ಟು, ಬಿಳೀ ಪ್ಯಾಂಟು, ಬಿಳೀ ಚಪ್ಪಲಿ ಹಾಕಿಕೊಂಡು ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದೇ ಅವನ ಉದ್ಯೋಗವಾಯಿತು. ಕೊಟ್ಟಿಗೆಯ ಹಸುಗಳನ್ನು ಮಾರಿ ಅದೇ ಜಾಗದಲ್ಲಿ ಡಾಬರ್ಮನ್ ನಾಯಿ ಸಾಕಿದ. ಹೆಸರು ಟೈಗರ್. ನಾಯಿಗೆ ಹುಲಿಯ ಹೆಸರಿಟ್ಟರೆ ತನಗೂ ಮೀಸೆ ಬಲಿಯುತ್ತದೆ ಅಂದುಕೊಂಡಿದ್ದನೋ ಏನೋ. ಅದಕ್ಕೆ ಒಂದು ಚೈನು ಹಾಕಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಕಟ್ಟಿಹಾಕಿದ ನಾಯಿಗೆ ಯಾರು ಹೆದರುತ್ತಾರೆ, ಹೇಳಿ.

ಬೀದಿಗೆಲ್ಲ ಇದ್ದದ್ದು ಅವನ ಬೋರ್‌ವೆಲ್ ಒಂದೇ. ಅವನ ಗೇಟಿನ ಪಕ್ಕ ಒಂದು ನಲ್ಲಿ. ಸಂಜೆ ಅವನಿಗೆ ಮನಸ್ಸು ಬಂದಾಗ ಮೋಟಾರು ಹಾಕುತ್ತಿದ್ದ, ಅಷ್ಟರೊಳಗೆ ಕೊಡಗಳು ಸಾಲಾಗಿ ಕೂತಿರಬೇಕು. ನೀರು ಬಿಡುವುದೂ ನಾಯಿ ಬಿಡುವುದೂ ಒಂದೇ ಹೊತ್ತಿಗೆ. ಹೆಂಗಸರು, ಮಕ್ಕಳು ಕೊಡ ಹಿಡಿದು ಗೋಡೆಗೆ ಅಂಟಿಕೊಂಡರೆ ಅವನು ಕುರ್ಚಿಯಿಂದಲೇ ನಗುತ್ತಿದ್ದ. "ಏನೂ ಮಾಡಲ್ಲ, ಬನ್ನಿ" ಅನ್ನುತ್ತಿದ್ದ. ನಾಯಿ ಗುರುಗುಟ್ಟುವಾಗಲೂ ಅದೇ ಮಾತು, ಹಾಲಿನವನ ಪ್ಯಾಂಟು ಹರಿದಾಗಲೂ ಅದೇ ಮಾತು. ನಾವು ಅವನ ನೀರು ಕುಡಿಯುವವರು, ಹಾಗಾಗಿ ನಾವೂ ನಗುತ್ತಿದ್ದೆವು.

ಆ ಸಂಜೆ ಬೆಣ್ಣೆ ನನ್ನ ಕಾಲ ಬಳಿ, ನಮ್ಮ ಕೊಡದ ಪಕ್ಕ ಕೂತಿದ್ದಳು. ಚೈನಿನ ತುದಿ ನನ್ನ ಕೈಯಲ್ಲಿತ್ತು. ಗೇಟು ತೆರೆದದ್ದಷ್ಟೇ ಗೊತ್ತು. ಟೈಗರ್ ಸೀದಾ ಬಂದು ಅವಳ ಹಿಂಗಾಲಿನ ತೊಡೆಗೆ ಬಾಯಿ ಹಾಕಿ ಎತ್ತಿ ಒದರಿತು. ಚೈನು ನನ್ನ ಕೈ ಸುಲಿದುಕೊಂಡು ಹೋಯಿತು. ಬೆಣ್ಣೆಯ ಗಂಟಲಿಂದ ಅಂಥ ಸದ್ದು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಮ್ಮ ಓಡಿ ಬಂದು ತುಂಬಿದ ಕೊಡವನ್ನೇ ಎತ್ತಿ ಟೈಗರ್ ಮುಖಕ್ಕೆ ಸುರಿದಳು. ಆಗ ಬಿಟ್ಟಿತು. ಕೆಂಪರಾಜು ಕುರ್ಚಿಯಿಂದ ಎದ್ದು ಬಂದು ಮೊದಲು ಹೇಳಿದ್ದು, ನೀರು ಹಾಗೆ ದಂಡ ಮಾಡಬಾರದು ಅಂತ.

ಮನೆಗೆ ಎತ್ತಿಕೊಂಡು ಬಂದರೆ ಬೀದಿಗೆ ಬೀದಿಯೇ ವೈದ್ಯನಾಯಿತು. ಒಬ್ಬರು ಕಾಫಿಪುಡಿ ಒತ್ತಿ ಅಂದರು, ಇನ್ನೊಬ್ಬರು ಅರಿಶಿನ, ಮತ್ತೊಬ್ಬರು ಖಾರದಪುಡಿ. ಅಮ್ಮ ಗಾಬರಿಯಲ್ಲಿ ಕಾಫಿಪುಡಿ ಒತ್ತಿಬಿಟ್ಟಳು. ಅಪ್ಪ ಫ್ಯಾಕ್ಟರಿಯಿಂದ ಬಂದವರು ಬಟ್ಟೆಯನ್ನೂ ಬದಲಾಯಿಸದೆ ನಮ್ಮನ್ನು ಆಟೋದಲ್ಲಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಹಸು ಎಮ್ಮೆ ನೋಡಿ ಅಭ್ಯಾಸವಾದವರು, ಬೆಣ್ಣೆಯನ್ನು ಒಂದೇ ಅಂಗೈಲಿ ಹಿಡಿದರು. ಗಾಯದಿಂದ ಕಾಫಿಪುಡಿ ತೊಳೆದು ತೆಗೆಯುವಷ್ಟು ಹೊತ್ತೂ ಬೈದರು. ನಲ್ಲಿ ನೀರು, ಸೋಪು, ಆಮೇಲೆ ಸೀದಾ ಇಲ್ಲಿಗೆ, ಅಷ್ಟೇ ನೀವು ಮಾಡಬೇಕಾಗಿದ್ದು ಅಂದರು. ಹೊಲಿಗೆ ಹಾಕಿ ಸೂಜಿ ಚುಚ್ಚಿದ ಮೇಲೆ ಕಚ್ಚಿದ ನಾಯಿಗೆ ಹುಚ್ಚುನಾಯಿ ಇಂಜೆಕ್ಷನ್ ಹಾಕಿಸಿದ್ದಾರಾ, ಕೇಳಿಕೊಂಡು ಬನ್ನಿ ಅಂದರು. ಹಾಕಿಸಿಲ್ಲದಿದ್ದರೆ ಈ ಮರಿ ಉಳಿಯುತ್ತದೆ ಅಂತ ಈಗಲೇ ಹೇಳಲಾರೆ, ಮಗು ಇದರ ಹತ್ತಿರ ಮಲಗುವುದೂ ಬೇಡ ಅಂತಲೂ ಹೇಳಿದರು.

ಅಪ್ಪ ಬೆಳಿಗ್ಗೆಯೇ ಎದುರು ಮನೆಗೆ ಹೋದರು. ನಾನು ಅವರ ಹಿಂದೆಯೇ ಇದ್ದೆ. ಕೆಂಪರಾಜು ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಎಲ್ಲ ಕೇಳಿಸಿಕೊಂಡ.

"ನಮ್ ಟೈಗರ್ ದಿನಾ ಬೆಳಗ್ಗೆ ಮೊಟ್ಟೆ ತಿನ್ನತ್ತೆ ಕಣ್ರೀ. ಅದಕ್ಯಾಕ್ ಹುಚ್ಚು ಹಿಡಿಯತ್ತೆ?"

ಅಪ್ಪ ಮತ್ತೆ ಇಂಜೆಕ್ಷನ್ ವಿಷಯ ಎತ್ತಿದರು, ಕಟ್ಟಿಹಾಕುವ ವಿಷಯವನ್ನೂ ಮೆಲ್ಲಗೆ ಸೇರಿಸಿದರು. ಅದಕ್ಕವನು, ನಿಮ್ಮದು ಬೊಗಳಿರುತ್ತೆ, ಇಲ್ಲದಿದ್ದರೆ ನಮ್ಮದು ತಾನಾಗಿ ಹೋಗುವುದಿಲ್ಲ, ಬೇಕಾದರೆ ನಿಮ್ಮದನ್ನು ಒಳಗೆ ಇಟ್ಟುಕೊಳ್ಳಿ ಅಂದ. ಅಪ್ಪ "ಆಯ್ತು ಸಾರ್" ಅಂದು ಹಿಂದಿರುಗಿದರು. ಸಾರ್ ಅಂದದ್ದು ನನಗೆ ಇವತ್ತಿಗೂ ಉರಿಯುತ್ತದೆ.

ಬೀದಿಯವರ ನ್ಯಾಯ ಇನ್ನೂ ಚೆಂದ. ನಮ್ಮಲ್ಲಿ ಶ್ರೀಕಂಠಯ್ಯ ಅಂತ ರಿಟೈರ್ಡ್ ಹೆಡ್‌ಕ್ಲರ್ಕ್ ಒಬ್ಬರಿದ್ದರು. ಯಾವ ವಿಷಯಕ್ಕೂ ಕನ್ನಡಕ ಒರೆಸಿಕೊಂಡು ಎರಡೂ ಕಡೆ ತಪ್ಪಿದೆ ಅನ್ನುವುದು ಅವರ ವೃತ್ತಿ. ಕಚ್ಚಿದ್ದು ತಪ್ಪೇ, ಆದರೆ ಹೆಣ್ಣು ನಾಯಿಯನ್ನು ನೀರಿನ ಜಾಗಕ್ಕೆ ತಂದದ್ದೂ ತಪ್ಪಲ್ಲವೇ ಅಂದರು. ಹಾಲಿನವನ ಪ್ಯಾಂಟು ಹರಿದಾಗ ಅವನ ಪ್ಯಾಂಟಿನಲ್ಲೂ ತಪ್ಪು ಕಂಡಿದ್ದ ಮನುಷ್ಯ ಅವರು. ಹಿಂದಿನ ದಿನ ಕಾಫಿಪುಡಿ ತಂದುಕೊಟ್ಟವರೆಲ್ಲ ಅವರ ಸುತ್ತ ನಿಂತು ತಲೆಯಾಡಿಸಿದರು. ಅವರ ಕಣ್ಣು ಮಾತ್ರ ನಲ್ಲಿಯ ಮೇಲಿತ್ತು.

ಬೆಣ್ಣೆ ಮಂಚದ ಕೆಳಗೆ ಸೇರಿಕೊಂಡಳು. ನಾನು ದೂರದಲ್ಲಿ ಚಾಪೆ ಹಾಸಿಕೊಂಡು ಅವಳ ಬಾಯಲ್ಲಿ ನೊರೆ ಬರುತ್ತದಾ ಅಂತ ನೋಡುತ್ತಾ ಮಲಗುತ್ತಿದ್ದೆ. ನೀರು ಕುಡಿದರೆ ಸಮಾಧಾನ, ಕುಡಿಯದಿದ್ದರೆ ಅಮ್ಮನನ್ನು ಎಬ್ಬಿಸುತ್ತಿದ್ದೆ. ಗಾಯದ ಔಷಧಿಯ ಘಾಟು ಮನೆಯೆಲ್ಲ ತುಂಬಿತ್ತು. ಒಂದು ದಿನ ನಾನು ಅವಳನ್ನು ಹುರಿದುಂಬಿಸೋಣ ಅಂತ ಚೈನು ತೆಗೆದು ಆಡಿಸಿದೆ. ಅವಳು ಗೋಡೆಯ ಮೂಲೆಗೆ ಸರಿದು ಅಲ್ಲೇ ಉಚ್ಚೆ ಹೊಯ್ದುಕೊಂಡಳು. ಅಮ್ಮ ನೆಲ ಒರೆಸಿದಳು. ತಾರಸಿಯ ಮೇಲೆ ಆ ವಾರದ ಸಂಡಿಗೆ ಕಾಗೆಗಳ ಪಾಲಾಯಿತು.

ಶುಕ್ರವಾರ ಕೆಂಪರಾಜುವಿನ ಹೆಂಡತಿ ಜಯಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ಇದು ಅವನ ಹಳೇ ಆಟ. ಚರಂಡಿಯ ಜಗಳವಿರಲಿ, ಕಾಂಪೌಂಡಿನ ಜಗಳವಿರಲಿ, ತಪ್ಪಾಯಿತು ಅನ್ನುವ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಬರುವ ಶುಕ್ರವಾರ ಹೆಂಡತಿಯ ಕೈಯಲ್ಲಿ ತಟ್ಟೆ ಕೊಟ್ಟು ಕಳಿಸುತ್ತಿದ್ದ. ಬಾಗಿಲಿಗೆ ಬಂದ ಕುಂಕುಮವನ್ನು ಯಾವ ಹೆಂಗಸು ಬೇಡ ಅಂದಾಳು? ತೆಗೆದುಕೊಂಡರೆ ಜಗಳ ಮುಗಿಯಿತು, ಅದು ಊರಿನ ಲೆಕ್ಕ. ಗಂಡಸರ ಕೊಬ್ಬನ್ನು ಹೆಂಗಸರ ಹಣೆಯ ಮೇಲೆ ಒರೆಸುವ ಏರ್ಪಾಟು.

ಜಯಮ್ಮ ಮೆತ್ತಗಿನ ಹೆಂಗಸು, ತಲೆ ಎತ್ತಿ ಮಾತಾಡಿದವರಲ್ಲ. ನಾಯಿಯ ವಿಷಯ ಎತ್ತಲಿಲ್ಲ. ಅಮ್ಮ ಚಾಪೆ ಹಾಕಿ ಕೂರಿಸಿದಳು, ಕುಂಕುಮ ಇಟ್ಟುಕೊಂಡಳು, ಅವರು ಕೊಟ್ಟ ಕಾಯಿ, ರವಿಕೆ ಕಣ ಎರಡನ್ನೂ ಸೆರಗಲ್ಲಿ ತೆಗೆದುಕೊಂಡಳು. ಆಚೆ ಕುರ್ಚಿಯಲ್ಲಿ ಕೂತಿದ್ದ ಕೆಂಪರಾಜು ನಮ್ಮ ಬಾಗಿಲ ಕಡೆ ನೋಡಿ ಕಾಲ ಮೇಲೆ ಕಾಲು ಹಾಕಿಕೊಂಡ. ಅಮ್ಮ ಸೋತಳು ಅಂತ ನನಗೆ ಅಳು ಬಂತು.

ಆದರೆ ಬಂದ ಮುತ್ತೈದೆಗೆ ನಾವೂ ತಾಂಬೂಲ ಕೊಡಬೇಕಲ್ಲ. ಅಮ್ಮ ಒಳಗೆ ಹೋಗಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಬಂದಳು. ಬರುವಾಗ ಮೊಳೆಯಲ್ಲಿದ್ದ ಚೈನನ್ನು ತೆಗೆದು ಎಲೆಯ ಮೇಲೆ ಸುತ್ತಿಟ್ಟು, ಅದಕ್ಕೂ ಒಂದು ಚಿಟಿಕೆ ಕುಂಕುಮ ಹಾಕಿದಳು. ಮಂಚದ ಕೆಳಗೆ ಬೆಣ್ಣೆ ಮುದುಡಿಕೊಂಡ ಸದ್ದು ಕೇಳಿಸಿತು.

"ಇದೇನಕ್ಕಾ?" ಅಂದರು ಜಯಮ್ಮ.

"ಬೆಣ್ಣೇದು. ಅವಳು ಇನ್ನು ಬೀದಿಗೆ ಬರೋಹಾಗೆ ಕಾಣಲ್ಲ. ನಿಮ್ಮನೇಲಿ ಬೇಕಾಗತ್ತೆ, ತಗೊಳಿ."

ಜಯಮ್ಮ ತಟ್ಟೆ ನೋಡಿದರು, ಆಮೇಲೆ ಮಂಚದ ಕೆಳಗೆ ನೋಡಿದರು. ತಾಂಬೂಲ ಬೇಡ ಅನ್ನುವುದು ಅವರಿಗೂ ಬರುವ ಹಾಗಿರಲಿಲ್ಲ. ಸೆರಗು ಒಡ್ಡಿದರು. ಎಲೆ ಅಡಿಕೆಯ ಜೊತೆ ಚೈನು ಝಣ್ ಅಂತ ಬಿತ್ತು. ಎಲ್ಲವನ್ನೂ ಸೇರಿಸಿ ಕಣ್ಣಿಗೊತ್ತಿಕೊಂಡರು. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಸೂಜಿ ಹಾಕ್ಸಿಲ್ಲ ಅಕ್ಕಾ. ಇವತ್ತೇ ಹಾಕಿಸ್ತೀನಿ" ಅಂದರು. ಅಪ್ಪನಿಗೆ ಸಿಗದ ಉತ್ತರ ಅಷ್ಟು ಸುಲಭವಾಗಿ ಬಂತು.

ಸಂಜೆ ಟೈಗರ್ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡು ಬಿದ್ದಿತ್ತು. ಬೆಣ್ಣೆಯ ಚೈನು ಅದರ ಕುತ್ತಿಗೆಗೆ ಎಲ್ಲಿ ಸಾಲಬೇಕು, ಮಾರಿದ ಹಸುಗಳ ಸರಪಳಿ ಮೂಲೆಯಲ್ಲಿ ಉಳಿದಿತ್ತಂತೆ, ಅದನ್ನೇ ಹಾಕಿದ್ದರು. ಕೆಂಪರಾಜು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತು. ತಾಂಬೂಲದಲ್ಲಿ ಬಂದದ್ದನ್ನು ನಾನು ವಾಪಸ್ ಕೊಡುವುದಿಲ್ಲ, ನೀವೇ ಬಿಚ್ಚಿ ನೋಡಿ ಅಂದರಂತೆ ಜಯಮ್ಮ. ಅವನು ಬಿಚ್ಚಲಿಲ್ಲ. ಟೈಗರ್ ಅವನಿಗೂ ಗುರುಗುಟ್ಟುತ್ತಿತ್ತು ಅನ್ನುವುದು ಆಗಲೇ ನಮಗೆ ತಿಳಿದದ್ದು. ಅನ್ನ ಹಾಕುತ್ತಿದ್ದವರು ಜಯಮ್ಮ, ಅವರೊಬ್ಬರ ಮಾತನ್ನಷ್ಟೇ ಅದು ಕೇಳುತ್ತಿತ್ತು.

ಅವನ ಕೈಲಾದದ್ದು ಇನ್ನೊಂದಿತ್ತು. ಮರುದಿನದಿಂದ ನಮ್ಮ ಕೊಡ ನಲ್ಲಿಯ ಸಾಲಿನಲ್ಲಿ ಇರಕೂಡದು ಅಂದ. ಅಪ್ಪ ಹೇರೋಹಳ್ಳಿ ಊರೊಳಗಿನ ಬೋರಿನಿಂದ ಸೈಕಲ್ಲಿನ ಎರಡೂ ಕಡೆ ಕೊಡ ಕಟ್ಟಿಕೊಂಡು ನೀರು ತಂದರು. ಒಂದು ದಿನವೂ ಗೊಣಗಲಿಲ್ಲ, ಅವನಿಗೆ ಮತ್ತೆ ಸಾರ್ ಅನ್ನಲೂ ಇಲ್ಲ. ಶ್ರೀಕಂಠಯ್ಯ ಈಗ ನಮ್ಮ ಗೇಟಿಗೆ ಬಂದು, ನಾನು ಮೊದಲಿಂದಲೂ ಕಟ್ಟಿಹಾಕಿ ಅಂತಲೇ ಹೇಳುತ್ತಿದ್ದೆ ಅಂದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು. ನಾನಾಗಿದ್ದರೆ ಬರೀ ಪುಡಿ ಕೊಡುತ್ತಿದ್ದೆ.

ಬೆಣ್ಣೆಗೆ ಹುಚ್ಚು ಬರಲಿಲ್ಲ. ಕಾಲು ಕುಂಟಾಯಿತು. ಮುಂದಿನ ಬೇಸಿಗೆಗೆ ಮೆಟ್ಟಿಲು ಹತ್ತಿ ತಾರಸಿಗೆ ಬಂದಳು, ಪಂಚೆಯ ಸುತ್ತ ಕುಂಟುತ್ತಾ ಓಡಿದಳು, ಮೊದಲ ಸಲ ಒಂದೆರಡು ಸಂಡಿಗೆ ತುಳಿದಳು. ಅಮ್ಮ ತುಳಿದದ್ದನ್ನು ಅವಳಿಗೇ ತಿನ್ನಿಸಿದಳು. ಗೇಟಿನಾಚೆ ಮಾತ್ರ ಅವಳು ಸಾಯುವತನಕ ಕಾಲಿಡಲಿಲ್ಲ.

ಈಗ ನಾನಿರುವುದು ನಾಗರಬಾವಿಯ ಅಪಾರ್ಟ್‌ಮೆಂಟಿನಲ್ಲಿ. ನೀರಿಗೆ ಸಾಲು ನಿಲ್ಲಬೇಕಾಗಿಲ್ಲ. ಮೇಲಿನ ಮಹಡಿಯ ಒಬ್ಬರ ನಾಯಿ ಚೈನಿಲ್ಲದೆ ಲಿಫ್ಟಿನಲ್ಲಿ ಓಡಾಡುತ್ತದೆ. ಮೊನ್ನೆ ನನ್ನ ಬೆಕ್ಕಿನ ಕಿವಿ ಸೀಳಿತು. ಸೋಪು ಹಾಕಿ ತೊಳೆದೆ, ಡಾಕ್ಟರ ಹತ್ತಿರ ಓಡಿದೆ, ಫೋಟೋ ತೆಗೆದೆ, ಎಲ್ಲರೂ ಹೇಳುವ ಹಾಗೆ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ನಮ್ಮವನು ತುಂಬಾ ಫ್ರೆಂಡ್ಲಿ ಅಂತ ನಾಯಿಯವರ ಉತ್ತರ ಬಂತು. ಕೆಂಪರಾಜುವಿನ ಮಾತಿಗೆ ಇಂಗ್ಲಿಷ್ ಬಂದಿದೆ, ಅಷ್ಟೇ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು, ಅವುಗಳ ನಡುವೆ ಒಬ್ಬರು ಎರಡೂ ಕಡೆಯವರು ಜಾಗ್ರತೆ ವಹಿಸಬೇಕು ಅಂತ ಬರೆದರು. ಶ್ರೀಕಂಠಯ್ಯನವರಿಗೆ ಸಾವಿಲ್ಲ.

ಶುಕ್ರವಾರ ಸಂಜೆ ಒಂದು ಹೊಸ ಚೈನು ತಂದು, ಎಲೆ ಅಡಿಕೆ ಹಣ್ಣಿನ ಜೊತೆ ತಟ್ಟೆಯಲ್ಲಿಟ್ಟುಕೊಂಡು ಮೇಲೆ ಹೋದೆ. ಬೆಲ್ ಒತ್ತಿದೆ. ಬಾಗಿಲು ತೆಗೆಯಲಿಲ್ಲ, ಬಾಗಿಲಿನ ಕ್ಯಾಮೆರಾದೊಳಗಿಂದ ಒಂದು ಹೆಣ್ಣು ದನಿ ಕೇಳಿಸಿತು. "ಸೆಕ್ಯೂರಿಟಿ ಹತ್ರ ಕೊಟ್ಬಿಡಿ ಮೇಡಂ."

ಕೊಟ್ಟೆ. ಸೋಮವಾರ ಆಫೀಸಿಗೆ ಹೊರಟಾಗ ನೋಡಿದರೆ ತಟ್ಟೆ ಪಾರ್ಸೆಲ್‌ಗಳ ಪಕ್ಕ ಹಾಗೇ ಇತ್ತು, ಎಲೆ ಒಣಗಿತ್ತು, ಹಣ್ಣಿಗೆ ನೊಣ ಮುತ್ತಿತ್ತು. ಕೆಂಪರಾಜುವನ್ನು ನಾನು ಜೀವ ಇರುವತನಕ ಬೈಯುತ್ತೇನೆ. ಆದರೆ ಅವನ ಮನೆಯಲ್ಲಿ ಒಡ್ಡುವ ಸೆರಗೊಂದಿತ್ತು.