ಕಾಟಿಯ ನೋವಿನ ಕಾಲಂ

ಮೊನ್ನೆ ಸಾಗರದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದು ಒರಗಿದ್ದೆ. ಸುತ್ತ ಲವಂಗದೆಣ್ಣೆಯ ವಾಸನೆ. ವಸಡಿಗೆ ಸೂಜಿ ಚುಚ್ಚಿದ ಡಾಕ್ಟರು, "ನೋವಾದ್ರೆ ಕೈ ಎತ್ತಿ" ಅಂದರು. ಎಷ್ಟು ಸಾಧಾರಣ ಮಾತು, ನೋಡಿ. ನನಗೆ ಮಾತ್ರ ಹುಲಿಕಲ್ಲಿನ ಕಾಡುಕೋಣ ನೆನಪಾಯಿತು. ನಮ್ಮ ಕಡೆ ಅದನ್ನು ಕಾಟಿ ಅನ್ನುತ್ತೇವೆ. ಅದಕ್ಕೆ ಹೀಗೆ ಹೇಳಿದವರು ಯಾರೂ ಇರಲಿಲ್ಲ. ಹೇಳಿದ್ದರೂ ಅದು ಕಾಲೆತ್ತುವ ಸ್ಥಿತಿಯಲ್ಲಿರಲಿಲ್ಲ.

ನೆನಪು ಅಂದ ಕೂಡಲೇ ನನ್ನನ್ನು ಮುದುಕನೆಂದು ತಿಳಿಯಬೇಡಿ. ಇನ್ನೂ ಮೂವತ್ತು ತುಂಬಿಲ್ಲ, ಡೈರಿಗಳು ಮಾತ್ರ ಹನ್ನೊಂದಾಗಿವೆ. ತಾಳಗುಪ್ಪದ ರೈಲು ಎಷ್ಟು ನಿಮಿಷ ತಡ, ನೆಗಡಿಯಾದ ದಿನ ಎಷ್ಟು ಸೀನು, ಎಲ್ಲ ಅದರಲ್ಲಿವೆ. ಹೆಣ್ಣು ನೋಡಲು ಹೋದಾಗ ಅವರು ಕೊಟ್ಟ ಉಪ್ಪಿಟ್ಟಿನ ಗೋಡಂಬಿ ಎಣಿಸಿ ಬರೆದೆನೆಂದು ನನ್ನಕ್ಕ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳು. ಎಣಿಸಿದ್ದು ನಿಜ, ಬರೆದಿರಲಿಲ್ಲ.

ಎಂಟು ವರ್ಷದ ಹಿಂದಿನ ಮಾತು, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊಸನಗರದ ಕಡೆ ದನದ ಆಸ್ಪತ್ರೆಯೊಂದಕ್ಕೆ ಸಹಾಯಕನಾಗಿ ಆಗಷ್ಟೇ ಸೇರಿದ್ದೆ. ಹುಲಿಕಲ್ ಹತ್ತಿರದ ತಿಮ್ಮಣ್ಣನ ಗದ್ದೆಯಲ್ಲಿ ಒಂದು ಕಾಟಿ ಮೂರು ದಿನದಿಂದ ನಿಂತಲ್ಲೇ ನಿಂತಿತ್ತು. ಹಂದಿಗೆಂದು ಯಾರೋ ಒಡ್ಡಿದ ತಂತಿ ಉರುಳು ಅದರ ಮುಂಗಾಲಿನ ಮಾಂಸದೊಳಗೆ ಇಳಿದಿತ್ತು. ಗೇಣಿಗೆ ಮಾಡುತ್ತಿದ್ದ ಗದ್ದೆ ತನ್ನದಾಗಿ ತಿಮ್ಮಣ್ಣನಿಗೆ ಹೆಚ್ಚು ವರ್ಷವಾಗಿರಲಿಲ್ಲ. ನನ್ನ ಗದ್ದೆಗೆ ನಂಬಿ ಬಂದದ್ದು ಅಲ್ಲೇ ಸಾಯಬಾರದು ಎಂದು ಅವನೇ ನಡೆದು ಬಂದು ಹೇಳಿದ್ದ.

ಪಟ್ಟಣದಿಂದ ಡಾಕ್ಟರೊಬ್ಬರು ಸೂಜಿ ಹಾರಿಸುವ ಕೋವಿ ತಂದರು. ನಮ್ಮವರು ಕಂಡ ಕೋವಿಗೆ ಇದ್ದದ್ದು ಒಂದೇ ಕೆಲಸ. ಹಾಗಾಗಿ ಇಬ್ಬರು ಮೂವರು ಮುಂಜಾಗ್ರತೆಯಾಗಿ ಕತ್ತಿ, ಬುಟ್ಟಿ ಹಿಡಿದೇ ಬಂದಿದ್ದರು.

ಸೂಜಿ ನಾಟಿ ಸ್ವಲ್ಪ ಹೊತ್ತಿಗೆ ಕಾಟಿ ಮಂಡಿಯೂರಿ ಕುಸಿಯಿತು. ಪಕ್ಕಕ್ಕೆ ಉರುಳದಂತೆ ಹುಲ್ಲಿನ ಹೊರೆ ಕೊಟ್ಟೆವು. ಡಾಕ್ಟರು ಇಕ್ಕಳ ಕೈಗೆತ್ತಿಕೊಂಡರು, ಅಷ್ಟರಲ್ಲಿ ಪಂಚಾಯ್ತಿ ಚೇರ್ಮನ್ನರು ಹಾರ ಹಿಡಿದು ಮುಂದೆ ಬಂದರು. ಪಟ್ಟಣದ ಅತಿಥಿಯನ್ನು ಪರಿಚಯಿಸದೆ, ಸ್ವಾಗತಿಸದೆ ಕೆಲಸಕ್ಕೆ ಹಚ್ಚುವುದು ನಮ್ಮಲ್ಲಿ ಊರಿಗೇ ಅವಮಾನ. ಕಾಟಿಗೆ ಎಚ್ಚರವಾದೀತೆಂದು ಪಿಸುದನಿಯಲ್ಲಿ ಶುರುವಾದ ಭಾಷಣ, ನಮ್ಮ ಸೀಮೆಯ ರಸ್ತೆಗಳ ಸ್ಥಿತಿಗೆ ಬರುವಷ್ಟರಲ್ಲಿ ಗದ್ದೆಯಾಚೆಗೂ ಕೇಳುತ್ತಿತ್ತು. ಇಷ್ಟು ಶಾಂತ ಸಭಿಕರನ್ನು ತಾವು ಕಂಡೇ ಇಲ್ಲ ಎಂದು ಚೇರ್ಮನ್ನರು ಕಾಟಿಯತ್ತ ಕೈ ತೋರಿಸಿದರು. ಚಪ್ಪಾಳೆ. ಒಟ್ಟು ಹನ್ನೊಂದು ನಿಮಿಷ.

ನನ್ನ ಕೆಲಸ, ಇಕ್ಕಳ ಹಾಕಿದಾಗಿನಿಂದ ಕಾಟಿಯ ಎದೆಗೆ ಕೈಯಿಟ್ಟು ನಿಮಿಷಕ್ಕೊಮ್ಮೆ ಬಡಿತ ಎಣಿಸಿ ಫಾರಂ ತುಂಬುವುದು. ನನಗಾಗಿಯೇ ಹುಟ್ಟಿದ ಕೆಲಸ. ಇಕ್ಕಳ ತಂತಿಯನ್ನು ಮಾಂಸದಿಂದ ಎತ್ತಿದಾಗ ಎದೆ ಎಣಿಕೆಗೆ ಸಿಗದಷ್ಟು ಜೋರಾಗಿ ಓಡಿತು. ಸಿಕ್ಕಷ್ಟು ಬರೆದೆ. ಪಕ್ಕದ ಕಾಲಮ್ಮಿನ ತಲೆಯಲ್ಲಿ 'ನೋವು' ಎಂದಿತ್ತು. ಏನು ಬರೆಯಲಿ ಎಂದು ಕೇಳಿದೆ.

"ಅಲ್ಲಾಡ್ತಿದೆಯೇನ್ರಿ?" ಅಂದರು ಡಾಕ್ಟರು.

"ಇಲ್ಲ ಸಾರ್."

"ಮತ್ತೆ? ಇಲ್ಲ ಅಂತ ಬರೀರಿ."

ಬರೆದೆ. ಒಂದರ ಕೆಳಗೊಂದು ಒಂಬತ್ತು 'ಇಲ್ಲ', ದಾರ ಹಿಡಿದ ಹಾಗೆ ನೇರ.

ತಿಮ್ಮಣ್ಣ ಕಾಟಿಯ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒದ್ದೆ ಟವಲಿನಿಂದ ಅದರ ಕಣ್ಣಿನ ನೊಣ ಓಡಿಸುತ್ತಿದ್ದ. "ಇದು ಮಲಗಿಲ್ಲ ಮಾರಾಯ್ರೆ, ಕೊರಡಿನ ಹಂಗೆ ಬಿದ್ದೈತೆ ಅಷ್ಟೆ" ಅಂದ. "ಕಣ್ಣಲ್ಲಿ ನೀರು ಬರ್ತಾ ಐತಲ. ಅದ್ನೂ ಬರ್ಕಳಿ."

"ಅದಕ್ಕೆ ಕಾಲಂ ಇಲ್ಲ ತಿಮ್ಮಣ್ಣ" ಅಂದೆ.

"ಹೌದಾ? ಹಂಗಾರೆ ನೀರು ತರಿಸ್ಬ್ಯಾಡ ಅಂತ ಅದಕ್ಕೇ ಹೇಳಿ."

ತಂತಿ ಹೊರಬಂತು, ಗಾಯಕ್ಕೆ ಮುಲಾಮು ಬಿತ್ತು. ವಂದನಾರ್ಪಣೆಯಲ್ಲಿ ಎರಡನೇ ಹೆಸರು ಬರುವಾಗ ಕಾಟಿಯ ಪಕ್ಕೆ ಅದುರಿತು. ಅದು ಎದ್ದು ನಿಂತಾಗ ಚೇರ್ಮನ್ನರು ಅತಿಥಿಗೆ ಹೊದಿಸಲು ತಂದ ಶಾಲಿನ ಸಮೇತ ಹಲಸಿನ ಮರದಲ್ಲಿದ್ದರು. ಅದು ಯಾರನ್ನೂ ನೋಡದೆ, ಕುಂಟುತ್ತ ಕಾಡು ಸೇರಿತು. ನನ್ನ ಫಾರಂ ಅಚ್ಚುಕಟ್ಟಾಗಿದೆಯೆಂದು ಮಾದರಿಯಾಯಿತು. ಆಮೇಲೆ ಅದೇ ಔಷಧದಲ್ಲಿ ಇನ್ನೂ ಮೂರು ಪ್ರಾಣಿಗಳನ್ನು ಕೆಡವಿದರು. ನೋವು, ಅಲ್ಲಿಯೂ ಇಲ್ಲ. ನನ್ನದನ್ನು ನೋಡಿಕೊಂಡು ಬರೆದದ್ದು.

ಹೋದ ವರ್ಷ ಶಿವಮೊಗ್ಗದ ತರಬೇತಿಯಲ್ಲಿ ಕಿರಿಯ ಡಾಕ್ಟರಮ್ಮನೊಬ್ಬರು ಆ ಹಳೆಯ ಔಷಧದ ಹೆಸರನ್ನು ಬೋರ್ಡಿನ ಮೇಲೆ ಬರೆದು ಅಡ್ಡಗೆರೆ ಎಳೆದರು. ಅದು ಸ್ನಾಯುಗಳನ್ನಷ್ಟೇ ಕಟ್ಟುತ್ತದೆ. ಕಿವಿ ಕೇಳುತ್ತದೆ, ಚರ್ಮಕ್ಕೆ ಉರಿ ತಿಳಿಯುತ್ತದೆ, ಕೂಗಲು ಮಾತ್ರ ಆಗುವುದಿಲ್ಲ. ಈಗ ನಿದ್ದೆಗೂ ನೋವಿಗೂ ಮದ್ದಿದೆ, ಎಬ್ಬಿಸಲು ಬೇರೆ ಮದ್ದಿದೆ. ಪ್ರಾಣಿಯ ಕಣ್ಣಿಗೆ ಬಟ್ಟೆ ಕಟ್ಟಿ, ಸುತ್ತ ಸದ್ದು ಮಾಡಬೇಡಿ ಎಂದರು. ಹಿಂದಿನ ಬೆಂಚಿನಿಂದ ಯಾರೋ ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ನಾನು ಲೆಕ್ಕ ಹಾಕುತ್ತಿದ್ದೆ: ಆ ಸ್ವಾಗತ ಭಾಷಣವನ್ನು ಮೊದಲಿನಿಂದ ಕೊನೆವರೆಗೆ ಕೇಳಿದ ಜೀವ ಅದೊಂದೇ.

ಮನೆಗೆ ಬಂದು ಫಾರಮ್ಮನ್ನು ನಕಲು ಮಾಡಿಟ್ಟ ಡೈರಿ ತೆರೆದೆ. ಎದೆಬಡಿತದ ಅಂಕಿಗಳು ಮೆಟ್ಟಿಲಿನ ಹಾಗೆ ಏರುತ್ತಿದ್ದವು. ನಾನೇ ಎಣಿಸಿದ್ದು. ಪಕ್ಕದಲ್ಲಿ ಒಂಬತ್ತು 'ಇಲ್ಲ'. ನಾನೇ ಬರೆದದ್ದು. ತಿಮ್ಮಣ್ಣನಿಗೆ ಹೇಳಲು ಹೋದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಈಗಾದರೂ ಬರೆದಿರಾ ಎಂದು ಕೇಳಿದ. ಫಾರಂ ಆಫೀಸಿನ ಫೈಲು ಸೇರಿದೆ ಅಂದೆ.

"ನಿಮ್ ಬುಕ್ಕು ನಿಮ್ ಹತ್ರನೇ ಐತಲ" ಅಂದ.

ಡೈರಿಯಲ್ಲಿ ಚಿತ್ತು ಮಾಡುವುದು ನನಗಾಗದು. ಹಾಗೇ ಬಿಟ್ಟಿದ್ದೆ.

ಮೊನ್ನೆ ಇಕ್ಕಳ ಹಲ್ಲಿಗೆ ತಾಗಿತು. ನೋವಾಯಿತು. ಡಾಕ್ಟರ ಮುಂದೆ ಮರ್ಯಾದೆಗೆಂದು ಇಲ್ಲ ಎಂದು ತಲೆಯಾಡಿಸಲು ಹೊರಟವನು ಕೈ ಎತ್ತಿದೆ. ಅವರು ಇಕ್ಕಳ ಕೆಳಗಿಟ್ಟು ಇನ್ನೊಂದು ಸೂಜಿ ಕೊಟ್ಟು ಕಾದರು. ಗಡಿಯಾರ ನೋಡಿದೆ. ನಾಲ್ಕು ನಿಮಿಷ.

ಮನೆಗೆ ಬಂದು, ಹಲ್ಲಿನ ಸುದ್ದಿ ಬರೆಯುವುದಕ್ಕೆ ಮೊದಲು, ಹಳೆಯ ಡೈರಿ ತೆಗೆದು ಒಂಬತ್ತು 'ಇಲ್ಲ'ಗಳನ್ನೂ ಸ್ಕೇಲಿಟ್ಟು ಹೊಡೆದುಹಾಕಿದೆ. "ಕಣ್ಣಲ್ಲಿ ನೀರು ಬರುತ್ತಿತ್ತು. ನೋಡಿದವನು ತಿಮ್ಮಣ್ಣ" ಎಂದು ಬರೆದೆ. ಅದಕ್ಕೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಅಡ್ಡಡ್ಡ ಬರೆದೆ.