ದುಡ್ಡು ತೆಗೆಯುವಾಗ ಎಲ್ಲಿರ್ತೀರ?

ನನ್ನ ಗಂಡ ಲಂಡನ್ನಿಗೆ ಬರುವ ಮೊದಲು ಕೆಲವು ವರ್ಷ ಅಮೆರಿಕದಲ್ಲಿ ದುಡಿದವರು. ಆಗ ಸಂಬಳದಲ್ಲಿ ಹಿಡಿದುಕೊಂಡ ನಿವೃತ್ತಿಯ ಹಣ ಅಲ್ಲೇ ಉಳಿದಿತ್ತು. ಇಲ್ಲಿ ಹ್ಯಾರೋ ಬಡಾವಣೆಯ ಗೆಳೆಯರ ಮನೆಯ ಊಟದಲ್ಲಿ ಯಾರೋ ಅದನ್ನು ಅಲ್ಲಿನದೇ ರಾಥ್ ಎಂಬ ಇನ್ನೊಂದು ಬಗೆಯ ನಿವೃತ್ತಿ ಖಾತೆಗೆ ಬದಲಾಯಿಸಿಕೊಳ್ಳಿ ಎಂದು ಇವರ ತಲೆಗೆ ಹುಳ ಬಿಟ್ಟರು. ಈಗ ತೆರಿಗೆ ಕಟ್ಟಿಬಿಟ್ಟರೆ, ವಯಸ್ಸಾದ ಮೇಲೆ ತೆಗೆಯುವಾಗ ತೆರಿಗೆಯೇ ಇಲ್ಲವಂತೆ. ಧಾರವಾಡದ ಈ ಮನುಷ್ಯನಿಗೆ ಆಮೇಲೆ ಊಟ ರುಚಿಸಲಿಲ್ಲ.

ನನ್ನ ಚಿಂತೆಯೇ ಬೇರೆ. ಮದುವೆಯಾದಾಗಿನಿಂದ ಇವರು 'ಇನ್ನೆರಡು ವರ್ಷ, ಆಮೇಲೆ ಊರಿಗೆ' ಎನ್ನುತ್ತಲೇ ಬಂದಿದ್ದರು. ಮಗಳು ಶಾಲೆ ಮುಗಿಸಲಿ ಎಂದರು, ಆಮೇಲೆ ಕಾಲೇಜು ಮುಗಿಸಲಿ ಎಂದರು. ಮೈಸೂರಿನಲ್ಲಿ ಒಬ್ಬಳೇ ಇರುವ ನನ್ನ ಅಕ್ಕನ ಜೊತೆ ಮುದುಕಿಯಾಗಬೇಕು ಎಂಬ ಆಸೆಯನ್ನು ನಾನು ಈ ಮಾತು ನಂಬಿಯೇ ಸಾಕಿಕೊಂಡಿದ್ದೆ. ನಮ್ಮ ಬಳಗದಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ. ಇಲ್ಲೇ ಇರುತ್ತೇವೆ ಎಂದು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಅಪಶಕುನ ನುಡಿದಂತೆ.

ತೆರಿಗೆಯ ಸಲಹೆ ಕೊಡುವವಳ ಆಫೀಸು ಕ್ರೋಯ್ಡನ್‌ನಲ್ಲಿತ್ತು. ಬೆಂಗಳೂರಿನ ಹುಡುಗಿ. ಇವರು ಪೂರ್ತಿ ಹಣವನ್ನು ಒಂದೇ ಸಲ ಬದಲಾಯಿಸುವ ಉಮೇದಿನಲ್ಲಿದ್ದರು.

"ಬೇಡ ಅಂಕಲ್," ಎಂದಳು. "ಬದಲಾಯಿಸಿದ್ದೆಲ್ಲ ಆ ವರ್ಷದ ಇನ್‌ಕಮ್ ಅಂತಾನೇ ಲೆಕ್ಕ. ಒಟ್ಟಿಗೆ ಮಾಡಿದ್ರೆ ಟ್ಯಾಕ್ಸ್ ರೇಟ್ ಮೇಲಕ್ಕೆ ಹೋಗುತ್ತೆ. ವರ್ಷಕ್ಕೆ ಸ್ವಲ್ಪ ಸ್ವಲ್ಪ ಮಾಡೋಣ. ಆದ್ರೆ ಮೊದಲು ಹೇಳಿ, ದುಡ್ಡು ತೆಗೆಯೋವಾಗ ಎಲ್ಲಿರ್ತೀರ?"

"ಅದ್ಯಾಕವಾ?"

"ಈ ದೇಶದಲ್ಲಿದ್ರೆ ಅಮೆರಿಕದ ಜೊತೆ ಒಪ್ಪಂದ ಇದೆ, ಸಾಮಾನ್ಯವಾಗಿ ಮತ್ತೆ ಟ್ಯಾಕ್ಸ್ ಬೀಳಲ್ಲ. ಇಂಡಿಯಾಗೆ ಹೋದ್ರೆ ಅಲ್ಲಿನವರು ಹಾಗೇ ಬಿಡ್ತಾರೆ ಅಂತ ನಾನು ಗ್ಯಾರಂಟಿ ಕೊಡಕ್ಕಾಗಲ್ಲ. ಈಗಲೂ ಕಟ್ಟಿ ಆಗಲೂ ಕಟ್ಟೋ ಹಾಗಾಗ್ಬಹುದು."

ನಾನು ಬಾಯಿ ತೆರೆಯುವ ಮೊದಲೇ ಇವರು, "ಇಲ್ಲೇ ಇರ್ತೀವಿ. ಮಾಡು," ಎಂದುಬಿಟ್ಟರು. ಪೋಸ್ಟ್‌ಕೋಡ್ ಹೇಳುವಷ್ಟು ಸಲೀಸಾಗಿ.

ವಾಪಸ್ ಬರುವ ಟ್ರೇನಿನಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಫೀಸು ತೆಗೆದುಕೊಳ್ಳುವ ಹುಡುಗಿಗೆ ಹೇಳಿದ್ದನ್ನು ಕಟ್ಟಿಕೊಂಡ ಹೆಂಡತಿಗೆ ಹೇಳಲಿಲ್ಲವಲ್ಲ!

"ಯಾವಾಗ ತೀರ್ಮಾನ ಮಾಡಿದ್ರಿ?" ಎಂದು ಕೇಳಿದೆ.

"ಭಾಳ ವರ್ಷ ಆತು. ಮಗಳನ್ನ ಬಿಟ್ಟು ನನಗ ಇರಾಕ ಆಗೂದಿಲ್ಲ. ನಿನಗೂ ತಿಳದದ ಅನ್ಕೊಂಡಿದ್ದೆ."

ತಿಳಿದಿತ್ತೋ ಏನೋ. ಬೈಯಲು ಬೇಕಾದಷ್ಟು ಮಾತುಗಳಿದ್ದವು. ಮಗಳ ಹೆಸರು ಬಂದ ಮೇಲೆ ಒಂದೂ ಹೊರಬೀಳಲಿಲ್ಲ. ಕಿಟಕಿಯ ಕಡೆ ತಿರುಗಿ ಅತ್ತೆ. ಇವರು ಕರವಸ್ತ್ರ ಕೊಟ್ಟರು, ನಾನು ತೆಗೆದುಕೊಳ್ಳಲಿಲ್ಲ.

ಭಾನುವಾರ ಅಕ್ಕ ಫೋನಿನಲ್ಲಿ ಎಂದಿನಂತೆ, "ಯಾವಾಗ ಬರ್ತೀಯೇ?" ಎಂದಳು.

"ಡಿಸೆಂಬರ್ ರಜಕ್ಕೆ ಬರ್ತೀನಿ, ಅಕ್ಕ."

ರಜ ಎಂಬ ಮಾತನ್ನು ನಾನು ಹಿಂದೆಂದೂ ಸೇರಿಸಿರಲಿಲ್ಲ. ಅಕ್ಕ ಅದನ್ನು ಗಮನಿಸಿದಳು.

"ಹಾಗಾದ್ರೆ ನಿಮಗೆ ಅಂತ ಇಟ್ಟಿದ್ದ ಮಹಡಿ ಮನೆ ಬಾಡಿಗೆಗೆ ಕೊಟ್ಬಿಡ್ಲಾ?"

ಕೊಡು ಎಂದೆ.