ಎಕ್ಸ್‌ರೇಗೆ ಮುಂಚೆ ಹೇಳಬೇಕಾದ ಮಾತು

ದಾದರಿನ ದವಾಖಾನೆಯಲ್ಲಿ ಎಕ್ಸ್‌ರೇ ಯಂತ್ರದ ಮುಂದೆ ನನ್ನನ್ನು ನಿಲ್ಲಿಸಿ, ಬೆಳಗಾವಿ ಕಡೆಯ ವಯಸ್ಸಾದ ಡಾಕ್ಟರರು, "ಬಸುರಿದ್ದೀ ಏನವಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ, "ಇಲ್ಲರೀ," ಎಂದುಬಿಟ್ಟರು.

ಬಿಡದ ಕೆಮ್ಮಿಗಾಗಿ ಎದೆಯ ಚಿತ್ರ ತೆಗೆಸಲು ಬಂದಿದ್ದೆವು. ನನಗೆ ಆಗ ಎರಡು ತಿಂಗಳು. ಮೂರು ತುಂಬುವ ತನಕ ಹೊರಗಿನವರಿಗೆ ಹೇಳಿದರೆ ದೃಷ್ಟಿ ತಾಗುತ್ತದೆಂಬ ನಂಬಿಕೆಯನ್ನು ಅತ್ತೆ ಧಾರವಾಡದಿಂದ ಮುಂಬಯಿಯ ಚಾಳಿನ ಮನೆಗೂ ತಂದಿದ್ದರು.

ಡಾಕ್ಟರರು ನನ್ನ ಕಡೆಗೇ ತಿರುಗಿದರು. ಸೀಸ ಸೇರಿಸಿ ಹೊಲಿದ ದಪ್ಪ ಕೈಗವಸು ಕಳಚಿ, ಬಲಗೈಯನ್ನು ನನ್ನ ಮುಂದೆ ಹಿಡಿದರು. ಎರಡು ಬೆರಳಿಗೆ ಉಗುರೇ ಇರಲಿಲ್ಲ. ಚರ್ಮ ಸುಟ್ಟಂತೆ ಬಿರಿದಿತ್ತು.

"ಮೊದಲ ನಾ ಇದನ್ನ ಹಾಕ್ಕೋತಿರಲಿಲ್ಲ. ಈ ಕಿರಣ ಕಣ್ಣಿಗೆ ಕಾಣೂದಿಲ್ಲ, ಬಡಿದದ್ದೂ ಗೊತ್ತಾಗೂದಿಲ್ಲ. ನನಗರೆ ಕೈ ತೋರಸಾಕ ಬರತದ. ಹೊಟ್ಟ್ಯಾಗಿನ ಕೂಸಿಗೆ ಹೇಳಾಕ ಬಾಯಿಲ್ಲ ನೋಡವಾ."

ಅತ್ತೆಯ ಮುಖ ನೋಡದೆ, "ಇದ್ದೀನ್ರೀ, ಎರಡು ತಿಂಗಳು," ಎಂದೆ. ಡಾಕ್ಟರರು ಸೀಸದ ಭಾರವಾದ ಏಪ್ರನ್ನನ್ನು ನನ್ನ ಹೊಟ್ಟೆಗೆ ಸುತ್ತಿ ಕಟ್ಟಿ, ಎದೆಯ ಚಿತ್ರವನ್ನಷ್ಟೇ ತೆಗೆದರು. ಮನೆ ಮುಟ್ಟುವ ತನಕ ಅತ್ತೆ ನನ್ನನ್ನು ಹಿಂದೆ ಬಿಟ್ಟು ಮುಂದೆ ಮುಂದೆ ನಡೆದರು.

ಮಗಳೀಗ ಓಡಾಡುತ್ತಾಳೆ. ಚಾಳಿನ ಯಾವ ಹೆಂಗಸು ಎಕ್ಸ್‌ರೇಗೆ ಹೊರಟರೂ, ಯಾರು ಮುಖ ಸಿಂಡರಿಸಿದರೂ, ನಾನು ಆ ಪ್ರಶ್ನೆ ಕೇಳಿಯೇ ಕಳಿಸುತ್ತೇನೆ. ಮೊನ್ನೆ ಪಕ್ಕದ ಖೋಲಿಯ ಹೊಸ ಸೊಸೆಯನ್ನು ಕೇಳಲು ಹೊರಬಂದರೆ, ಅತ್ತೆ ಆಗಲೇ ಅವಳನ್ನು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿಕೊಂಡು ಕೇಳುತ್ತಿದ್ದರು.